ಅಲೆ ಅಲೆಯಾಗಿಯೇ ಕಾಣಲಿ: ಯೂಟ್ಯೂಬಿಗೆ ವಿಡಿಯೋ ಎಕ್ಸ್‌ಪೋರ್ಟ್ ಮಾಡುವಾಗ ಏನೇನು ಆರಿಸಬೇಕು?

ಮಳೆಗಾಲದಲ್ಲಿ ಉಂಚಳ್ಳಿ ಜಲಪಾತದ ವಿಡಿಯೋ ತೆಗೆದಿರುತ್ತೀರಿ. ಫೋನಿನಲ್ಲಿ ನೋಡಿದರೆ ಕಣ್ಣಿಗೆ ಹಬ್ಬ. ಎಡಿಟ್ ಮಾಡಿ, ಎಕ್ಸ್‌ಪೋರ್ಟ್ ಒತ್ತಿ, ಯೂಟ್ಯೂಬಿಗೆ ಹಾಕಿದ ಮೇಲೆ ನೋಡಿದರೆ ನೀರೇ ಇಲ್ಲ, ಬರೀ ಚೌಕ ಚೌಕ ಬೂದು ಮುದ್ದೆ. ಸುತ್ತಲಿನ ಕಾಡಿನಲ್ಲಿ ಎಲೆ ಯಾವುದು, ಕೊಂಬೆ ಯಾವುದು ಗೊತ್ತಾಗುವುದಿಲ್ಲ. ಕಾರವಾರದ ಕಡಲತೀರದ ಅಲೆ, ಯಕ್ಷಗಾನದ ಕುಣಿತ, ಮಳೆ ಹೊಡೆಯುವ ಘಟ್ಟದ ರಸ್ತೆ, ಎಲ್ಲದರದ್ದೂ ಇದೇ ಕಥೆ. ಆದರೆ ಅಡುಗೆಮನೆಯಲ್ಲಿ ತಂಬುಳಿ ಮಾಡಿ ತೋರಿಸಿದ ವಿಡಿಯೋ ಚೆನ್ನಾಗಿಯೇ ಬಂದಿರುತ್ತದೆ. ಫೋನ್ ಅದೇ, ಎಡಿಟ್ ಮಾಡಿದವರೂ ಅವರೇ.

ಯಾಕೆ ಹೀಗೆ? ವಿಡಿಯೋ ಫೈಲು ಪ್ರತಿ ಫ್ರೇಮನ್ನೂ, ಅಂದರೆ ಒಂದೊಂದು ಬಿಡಿ ಚಿತ್ರವನ್ನೂ, ಪೂರ್ತಿ ಬರೆದಿಡುವುದಿಲ್ಲ. ಹಿಂದಿನ ಫ್ರೇಮಿಗಿಂತ ಈ ಫ್ರೇಮಿನಲ್ಲಿ ಏನು ಬದಲಾಗಿದೆ ಎಂಬುದನ್ನಷ್ಟೇ ಹೆಚ್ಚಾಗಿ ಬರೆದುಕೊಳ್ಳುತ್ತದೆ. ಅಡುಗೆಮನೆಯಲ್ಲಿ ಗೋಡೆ ಕದಲುವುದಿಲ್ಲ, ಒಲೆ ಕದಲುವುದಿಲ್ಲ, ಬದಲಾಗುವುದು ಕೈ ಮಾತ್ರ. ಜಲಪಾತದಲ್ಲಿ ಇಡೀ ಚಿತ್ರವೇ ಕ್ಷಣಕ್ಷಣಕ್ಕೂ ಹೊಸದು. ಅಷ್ಟನ್ನೂ ಬರೆಯಲು ಜಾಗ ಸಾಲದಿದ್ದರೆ ಸಾಫ್ಟ್‌ವೇರ್ ಸೂಕ್ಷ್ಮ ವಿವರಗಳನ್ನು ಕೈಬಿಡುತ್ತದೆ. ಅದೇ ಆ ಚೌಕಗಳು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ವಿಡಿಯೋ ಮಾಡುವವರು ತೋರಿಸುವುದೇ ನೀರು, ಕಾಡು, ಕುಣಿತ. ಹಾಗಾಗಿ ಸಾಫ್ಟ್‌ವೇರ್‌ನಲ್ಲಿ ಮೊದಲೇ ಇರುವ ಪ್ರಿಸೆಟ್ ಒತ್ತಿ ಬಿಟ್ಟುಬಿಡುವುದು ನಮಗೆ ಆಗಿಬರುವುದಿಲ್ಲ. ಕಸ್ಟಮ್ ಸೆಟ್ಟಿಂಗ್‌ಗೆ ಹೋಗಲೇಬೇಕು.

ಇನ್ನೊಂದು ವಿಷಯ. ನೀವು ಯಾವ ಫೈಲ್ ಕೊಟ್ಟರೂ ಯೂಟ್ಯೂಬ್ ಅದನ್ನು ಹಾಗೇ ತೋರಿಸುವುದಿಲ್ಲ. ತನ್ನ ಲೆಕ್ಕದಲ್ಲಿ ಮತ್ತೊಮ್ಮೆ ಕುಗ್ಗಿಸುತ್ತದೆ. ನೀವೇ ಕುಗ್ಗಿಸಿ ಕೊಟ್ಟರೆ ತೆಳ್ಳಗಿನ ಮಜ್ಜಿಗೆಗೆ ಮತ್ತೆ ನೀರು ಹೊಯ್ದ ಹಾಗೆ. ಆದ್ದರಿಂದ ಫೈಲ್ ಚಿಕ್ಕದಾಗಲಿ ಎಂಬ ಆಸೆಯನ್ನು ಇಲ್ಲಿ ಬಿಟ್ಟುಬಿಡಿ.

ಉದಾಹರಣೆಗೆ ಶಾಟ್‌ಕಟ್ ಸಾಫ್ಟ್‌ವೇರ್ ಇಟ್ಟುಕೊಳ್ಳೋಣ. ಅದು ಪೂರ್ತಿ ಉಚಿತ, ಔಟ್‌ಪುಟ್ ಮೇಲೆ ವಾಟರ್‌ಮಾರ್ಕ್ ಬರುವುದಿಲ್ಲ. ಡಾವಿಂಚಿ ರಿಸಾಲ್ವ್ ಅಥವಾ ಪ್ರೀಮಿಯರ್ ಪ್ರೊ ಬಳಸುವವರಿಗೂ ಇದೇ ಅಂಕಿಗಳು ನಡೆಯುತ್ತವೆ, ಬಟನ್ ಇರುವ ಜಾಗ ಬೇರೆ ಅಷ್ಟೆ.

ಎಕ್ಸ್‌ಪೋರ್ಟ್‌ಗೂ ಮೊದಲು

ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದು, ನಿರ್ಧಾರವಾಗುವುದು ಎಡಿಟ್ ಶುರು ಮಾಡುವಾಗಲೇ. ಶಾಟ್‌ಕಟ್‌ನಲ್ಲಿ ವಿಡಿಯೋ ಮೋಡ್ ಆಟೊಮ್ಯಾಟಿಕ್ ಎಂದಿದ್ದರೆ ಮೊದಲು ಹಾಕಿದ ಕ್ಲಿಪ್ ಹೇಗಿದೆಯೋ ಇಡೀ ಪ್ರಾಜೆಕ್ಟ್ ಹಾಗೇ ಆಗುತ್ತದೆ. ಬೇರೆ ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಚಿಕ್ಕ ಕ್ಲಿಪ್ಪನ್ನು ಮೊದಲು ಹಾಕಿದಿರೋ, ಕಥೆ ಮುಗಿಯಿತು. ಸೆಟ್ಟಿಂಗ್ಸ್ ಮೆನುವಿನ ವಿಡಿಯೋ ಮೋಡ್‌ಗೆ ಹೋಗಿ ನೀವೇ ಆರಿಸಿ. ರಿಸಾಲ್ವ್‌ನಲ್ಲಂತೂ ಕ್ಲಿಪ್ ಒಳಗೆ ತಂದ ಮೇಲೆ ಪ್ರಾಜೆಕ್ಟಿನ ಫ್ರೇಮ್ ರೇಟ್ ಬದಲಿಸಲು ಬಿಡುವುದಿಲ್ಲ, ಮೊದಲೇ ಹೇಳಬೇಕು.

ಎಷ್ಟು ಆರಿಸಬೇಕು? ಯಾವ ವೇಗದಲ್ಲಿ ತೆಗೆದಿದ್ದೀರೋ ಅದೇ. ಫೋನಿನಲ್ಲಿ ಸಾಮಾನ್ಯವಾಗಿ 30, ಸ್ಟುಡಿಯೋದವರ ಕ್ಯಾಮೆರಾದಲ್ಲಿ 25 ಅಥವಾ 50 ಇರುತ್ತದೆ. ಎರಡೂ ಬೆರೆತಿದ್ದರೆ ಯಾವುದರ ಕ್ಲಿಪ್ ಜಾಸ್ತಿಯೋ ಅದನ್ನು ಹಿಡಿಯಿರಿ. 30ರಲ್ಲಿ ತೆಗೆದಿದ್ದನ್ನು 60 ಮಾಡಿದರೆ ಕುಣಿತ ನುಣುಪಾಗುವುದಿಲ್ಲ, ಸುಮ್ನೆ ಫೈಲ್ ಭಾರ.

ಫೋನಿನದು ಇನ್ನೊಂದು ತರಲೆ ಇದೆ. ಅದು 30 ಎಂದು ಹೇಳಿಕೊಂಡರೂ ಬೆಳಕು ಕಮ್ಮಿಯಾದಾಗ ಒಮ್ಮೆ 28, ಒಮ್ಮೆ 24 ಎಂದು ಏರಿಳಿಯುತ್ತದೆ. ಇದಕ್ಕೆ ವೇರಿಯೇಬಲ್ ಫ್ರೇಮ್ ರೇಟ್ ಎನ್ನುತ್ತಾರೆ. ಉದ್ದದ ವಿಡಿಯೋದಲ್ಲಿ ಮಾತು ಒಂದು ಕಡೆ, ತುಟಿ ಒಂದು ಕಡೆ ಆಗುವುದು ಇದರಿಂದಲೇ. ಇಂಥ ಫೈಲ್ ತೆರೆದಾಗ ಶಾಟ್‌ಕಟ್ ತಾನೇ ಗುರುತಿಸಿ, ಎಡಿಟ್‌ಗೆ ಹೊಂದುವಂತೆ ಪರಿವರ್ತಿಸಲೇ ಎಂದು ಕೇಳುತ್ತದೆ. ಹೂಂ ಅನ್ನಿ. ಡಿಸ್ಕ್‌ನಲ್ಲಿ ಜಾಗ ತಿನ್ನುತ್ತದೆ, ತಿನ್ನಲಿ.

ಐಫೋನ್‌ನವರು ಎಚ್‌ಡಿಆರ್ (ಬೆಳಕು-ನೆರಳಿನ ವ್ಯಾಪ್ತಿ ಹೆಚ್ಚಿರುವ) ವಿಡಿಯೋ ಆಫ್ ಮಾಡಿಯೇ ಶೂಟ್ ಮಾಡುವುದು ಒಳ್ಳೆಯದು. ಅದನ್ನು ಸರಿಯಾಗಿ ಪರಿವರ್ತಿಸದೆ ಸಾಮಾನ್ಯ ವಿಡಿಯೋ ಆಗಿ ಎಕ್ಸ್‌ಪೋರ್ಟ್ ಮಾಡಿದರೆ ಮುಖವೆಲ್ಲ ಬಿಳಿಚಿಕೊಳ್ಳುತ್ತದೆ.

ಈಗ ಎಕ್ಸ್‌ಪೋರ್ಟ್

ಮೇಲಿನ ಸಾಲಿನ ಎಕ್ಸ್‌ಪೋರ್ಟ್ ಒತ್ತಿದರೆ ಎಡಗಡೆ ಪ್ರಿಸೆಟ್‌ಗಳ ಪಟ್ಟಿ ಬರುತ್ತದೆ. ಅದರಲ್ಲಿ ಯೂಟ್ಯೂಬ್ ಎಂದೇ ಒಂದಿದೆ. ಅದನ್ನು ಆರಿಸಿ, ಕೂಡಲೇ ಎಕ್ಸ್‌ಪೋರ್ಟ್ ಕೊಡದೆ ಅಡ್ವಾನ್ಸ್ಡ್ ಒತ್ತಿ. ವಿಡಿಯೋ, ಕೋಡೆಕ್, ಆಡಿಯೋ ಎಂಬ ಟ್ಯಾಬ್‌ಗಳು ತೆರೆದುಕೊಳ್ಳುತ್ತವೆ.

ಫಾರ್ಮ್ಯಾಟ್ ಎಂಪಿ4, ಕೋಡೆಕ್ (ವಿಡಿಯೋವನ್ನು ಕುಗ್ಗಿಸಿ ಬರೆಯುವ ವಿಧಾನ) ಎಚ್.264. ಶಾಟ್‌ಕಟ್‌ನಲ್ಲಿ ಅದರ ಹೆಸರು ಲಿಬ್‌ಎಕ್ಸ್264. ಯೂಟ್ಯೂಬ್ ಶಿಫಾರಸು ಮಾಡುವುದೂ ಇದನ್ನೇ. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ.

ವಿಡಿಯೋ ಟ್ಯಾಬ್‌ನಲ್ಲಿ ರೆಸಲ್ಯೂಷನ್ 1920 ಗುಣಿಸು 1080 (ಇದನ್ನೇ 1080ಪಿ ಎನ್ನುವುದು), ಸ್ಕ್ಯಾನ್ ಮೋಡ್ ಪ್ರೊಗ್ರೆಸಿವ್. ಹಳೆಯ ಮದುವೆ ಕ್ಯಾಮೆರಾದಲ್ಲಿ ತೆಗೆದ ಯಕ್ಷಗಾನದ ರೆಕಾರ್ಡಿಂಗ್ ಇದ್ದರೆ ಅದು ಇಂಟರ್‌ಲೇಸ್ಡ್ (ಒಂದು ಸಾಲು ಬಿಟ್ಟು ಒಂದು ಸಾಲು ಬರೆದದ್ದು) ಆಗಿರುವ ಸಂಭವ ಹೆಚ್ಚು. ವೇಷ ತಿರುಗಿದಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ಅದೇ. ಇಲ್ಲಿ ಪ್ರೊಗ್ರೆಸಿವ್ ಆರಿಸಿದರೆ ಆ ಗೆರೆ ಹೋಗುತ್ತದೆ.

ಇನ್ನು ಕೋಡೆಕ್ ಟ್ಯಾಬ್‌ಗೆ ಬನ್ನಿ. ಎಲ್ಲ ಇರುವುದು ಇಲ್ಲೇ.

ಬಿಟ್‌ರೇಟ್ ಎಂದರೆ ಒಂದು ಸೆಕೆಂಡಿನ ವಿಡಿಯೋ ಬರೆಯಲು ಎಷ್ಟು ಮೆಗಾಬಿಟ್ ಕೊಡುತ್ತೀರಿ ಎಂಬ ಲೆಕ್ಕ. ಯೂಟ್ಯೂಬ್ ಸೂಚಿಸುವ ಅಂಕಿ ಹೀಗಿದೆ: 720ಪಿ ವಿಡಿಯೋಗೆ 24ರಿಂದ 30 ಫ್ರೇಮ್ ಇದ್ದರೆ 5, 48ರಿಂದ 60 ಇದ್ದರೆ 7.5. 1080ಪಿಗೆ 8 ಮತ್ತು 12. 1440ಪಿಗೆ 16 ಮತ್ತು 24. 4ಕೆ ಆದರೆ 35ರಿಂದ 45, ಹೆಚ್ಚು ಫ್ರೇಮ್ ಇದ್ದರೆ 53ರಿಂದ 68. ಎಲ್ಲವೂ ಎಂಬಿಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು.

ಅಡುಗೆ, ಮಾತುಕತೆ, ಪಾಠದ ವಿಡಿಯೋಗಳಿಗೆ 1080ಪಿಯಲ್ಲಿ 8 ಧಾರಾಳ. ಯಕ್ಷಗಾನಕ್ಕೆ ನಾನಾದರೆ 12 ಕೊಡುತ್ತೇನೆ. ಹಿಂದಿನ ಪರದೆ ಕದಲದಿದ್ದರೂ ಮಂಡಿ ಕುಣಿತ ಬಂದಾಗ 8 ಸಾಲುವುದಿಲ್ಲ. ಅಲೆ, ಜಲಪಾತ, ಮಳೆ, ಓಡುವ ಬೈಕಿನಿಂದ ತೆಗೆದ ದೇವಿಮನೆ ಘಟ್ಟ, ಇವಕ್ಕೆ 16ರಿಂದ 20. ಸೂಚಿಸಿದ್ದಕ್ಕಿಂತ ಜಾಸ್ತಿ ಕೊಟ್ಟರೆ ಯೂಟ್ಯೂಬ್ ಬೇಡ ಅನ್ನುವುದಿಲ್ಲ. ಅಪ್‌ಲೋಡಿಗೆ ಹೊತ್ತು ಹಿಡಿಯುತ್ತದೆ, ಅಷ್ಟೇ. ರಾತ್ರಿ ಕಮ್ಮಿ ಬೆಳಕಿನಲ್ಲಿ ತೆಗೆದದ್ದಾದರೆ ಇನ್ನೂ ಸ್ವಲ್ಪ ಏರಿಸಿ. ಕತ್ತಲಿನಲ್ಲಿ ಪುಡಿಪುಡಿಯಾಗಿ ಕುಣಿಯುವ ಚುಕ್ಕೆಗಳನ್ನೂ ಸಾಫ್ಟ್‌ವೇರ್ ಪಾಪ ಬರೆಯಲು ಹೋಗುತ್ತದೆ.

ರೇಟ್ ಕಂಟ್ರೋಲ್‌ನಲ್ಲಿ ಆವರೇಜ್ ಬಿಟ್‌ರೇಟ್ ಆರಿಸಿ 12ಎಂ ಅಥವಾ 16ಎಂ ಎಂದು ಬರೆಯಿರಿ. ಕಾನ್‌ಸ್ಟಂಟ್ ಬೇಡ. ಅದು ಭಾಗವತರು ಕೂತು ಹಾಡುವ ನಿಧಾನದ ಪದ್ಯಕ್ಕೂ, ಯುದ್ಧದ ಕುಣಿತಕ್ಕೂ ಒಂದೇ ಅಳತೆ ಕೊಡುತ್ತದೆ. ಆವರೇಜ್ ಆದರೆ ಅಲ್ಲಿ ಉಳಿಸಿ ಇಲ್ಲಿ ಖರ್ಚು ಮಾಡುತ್ತದೆ. ಜೊತೆಗೆ ಡ್ಯುಯಲ್ ಪಾಸ್ ಟಿಕ್ ಮಾಡಿದರೆ ಮೊದಲು ಒಂದು ಸಲ ಪೂರ್ತಿ ವಿಡಿಯೋ ನೋಡಿಕೊಂಡು ಎಲ್ಲಿ ಎಷ್ಟು ಬೇಕೆಂದು ಅಂದಾಜು ಮಾಡಿ, ಎರಡನೇ ಸಲ ಬರೆಯುತ್ತದೆ. ಹೊತ್ತು ಹೆಚ್ಚು ಬೇಕು. ಹತ್ತು ನಿಮಿಷದ ವಿಡಿಯೋಗೆ ಮಾಡಬಹುದು. ಇಡೀ ಪ್ರಸಂಗಕ್ಕೆ ಹಳೆಯ ಲ್ಯಾಪ್‌ಟಾಪಿನಲ್ಲಿ ಮಾಡಲು ಹೊರಟರೆ ಬೆಳಗಾಗುತ್ತದೆ.

ಪ್ರೀಮಿಯರ್‌ನಲ್ಲಿ ಇದಕ್ಕೇ ವಿಬಿಆರ್ 2 ಪಾಸ್ ಎಂಬ ಹೆಸರು. ಅಲ್ಲಿ ಟಾರ್ಗೆಟ್ 12, ಮ್ಯಾಕ್ಸಿಮಮ್ 18 ಎಂದು ಎರಡು ಅಂಕಿ ಕೊಡಬಹುದು. ರಿಸಾಲ್ವ್‌ನಲ್ಲಿ ಡೆಲಿವರ್ ಪುಟಕ್ಕೆ ಹೋಗಿ ಕಸ್ಟಮ್ ಎಕ್ಸ್‌ಪೋರ್ಟ್ ಆರಿಸಿ, ಕ್ವಾಲಿಟಿ ಎಂಬಲ್ಲಿ ರಿಸ್ಟ್ರಿಕ್ಟ್ ಟು ಒತ್ತಿ. ಅಲ್ಲಿ ಲೆಕ್ಕ ಕಿಲೋಬಿಟ್‌ನಲ್ಲಿ. 12 ಅಲ್ಲ, 12000 ಎಂದು ಬರೆಯಬೇಕು.

ಹಾರ್ಡ್‌ವೇರ್ ಎನ್‌ಕೋಡರ್ ಟಿಕ್ ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಒಂದೇ ಬಿಟ್‌ರೇಟಿನಲ್ಲಿ ಅದರ ಚಿತ್ರ ಸಾಮಾನ್ಯವಾಗಿ ಲಿಬ್‌ಎಕ್ಸ್264ಗಿಂತ ಒಂದು ಕೈ ಕೆಳಗೆ. ಅವಸರವಿದ್ದರೆ ಅದನ್ನೇ ಬಳಸಿ, ಬಿಟ್‌ರೇಟ್ ಇನ್ನೊಂದಿಷ್ಟು ಏರಿಸಿ.

ಚಂಡೆ ಸದ್ದಿಗೂ ಒಂದು ಲೆಕ್ಕವಿದೆ

ಆಡಿಯೋ ಟ್ಯಾಬ್‌ನಲ್ಲಿ ಎಎಸಿ, ಸ್ಯಾಂಪಲ್ ರೇಟ್ 48000, ಸ್ಟೀರಿಯೋ, ಬಿಟ್‌ರೇಟ್ 384ಕೆ. ಇದು ಯೂಟ್ಯೂಬ್ ಹೇಳಿದ್ದು. ವಿಡಿಯೋಗೆ ಹೋಲಿಸಿದರೆ ಇದು ತಿನ್ನುವ ಜಾಗ ಏನೇನೂ ಅಲ್ಲ, ಇಲ್ಲಿ ಜಿಪುಣತನ ಬೇಡ.

ಸದ್ದಿನ ಮಟ್ಟದ್ದೇ ತಲೆನೋವು. ಯೂಟ್ಯೂಬ್ ಸುಮಾರು -14 ಎಲ್‌ಯುಎಫ್‌ಎಸ್‌ಗಿಂತ (ಇದು ಒಟ್ಟು ಸದ್ದಿನ ಜೋರು ಅಳೆಯುವ ಮಾನ) ಜೋರಾಗಿರುವುದನ್ನು ತಾನೇ ತಗ್ಗಿಸುತ್ತದೆ. ಹಾಗಂತ ಎಲ್ಲರೂ ಕಷ್ಟಪಟ್ಟು -14ಕ್ಕೆ ತಂದು ನಿಲ್ಲಿಸುತ್ತಾರೆ. ಮಾತಿನ ವಿಡಿಯೋಗೆ ಅದು ಸರಿ. ಶಾಟ್‌ಕಟ್‌ನ ನಾರ್ಮಲೈಸ್ ಫಿಲ್ಟರ್‌ನಲ್ಲಿ ಟಾರ್ಗೆಟ್ -14 ಎಂದು ಕೊಟ್ಟರೆ ಆಯಿತು. ಆಟಕ್ಕೆ, ಅಂದರೆ ಯಕ್ಷಗಾನಕ್ಕೆ, ಅದು ಹೊಂದುವುದಿಲ್ಲ. ಅರ್ಥಗಾರಿಕೆ ಮೆಲ್ಲಗೆ, ಚಂಡೆ ಪೆಟ್ಟು ಆಕಾಶಕ್ಕೆ. ಒಟ್ಟು ಸದ್ದನ್ನು -14ಕ್ಕೆ ಎಳೆದರೆ ಚಂಡೆಯ ಪೆಟ್ಟು ಮೇಲೆ ಜಾಗವಿಲ್ಲದೆ ಒಡೆದು ಕರಕರ ಅನ್ನುತ್ತದೆ. ಚಂಡೆ -1 ಡಿಬಿ ದಾಟದ ಹಾಗೆ ನೋಡಿಕೊಂಡು, ಒಟ್ಟು ಸದ್ದು -18 ಆದರೂ ಪರವಾಗಿಲ್ಲ ಎಂದು ಬಿಟ್ಟುಬಿಡಿ. ಕೇಳುವವರು ವಾಲ್ಯೂಮ್ ಒಂದು ಗೆರೆ ಏರಿಸಿಕೊಳ್ಳುತ್ತಾರೆ. ಒಡೆದ ಸದ್ದನ್ನು ಮಾತ್ರ ಯಾರಿಂದಲೂ ಸರಿಮಾಡಲಾಗದು.

ಮೈಕಿನ ಸದ್ದು ಒಂದೇ ಕಿವಿಗೆ ಬರುತ್ತಿದ್ದರೆ ಎಕ್ಸ್‌ಪೋರ್ಟ್‌ಗೂ ಮುಂಚೆ ಕಾಪಿ ಚಾನೆಲ್ ಎಂಬ ಫಿಲ್ಟರ್ ಹಾಕಿ. ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ ಇದು ಗೊತ್ತೇ ಆಗುವುದಿಲ್ಲ, ಇಯರ್‌ಫೋನ್ ಹಾಕಿ ಕೇಳಿ.

ಎಷ್ಟು ದೊಡ್ಡದು, ಎಷ್ಟು ಹೊತ್ತು?

ಬಿಟ್‌ರೇಟನ್ನು ಸೆಕೆಂಡುಗಳಿಂದ ಗುಣಿಸಿ 8ರಿಂದ ಭಾಗಿಸಿದರೆ ಫೈಲ್ ಎಷ್ಟು ಎಂಬಿ ಎಂದು ಸಿಗುತ್ತದೆ. 8 ಎಂಬಿಪಿಎಸ್ ಎಂದರೆ ನಿಮಿಷಕ್ಕೆ 60 ಎಂಬಿ. ಮೂರು ಗಂಟೆಯ ಕಾಲಮಿತಿ ಯಕ್ಷಗಾನಕ್ಕೆ 10.8 ಜಿಬಿ. 12 ಕೊಟ್ಟರೆ 16.2 ಜಿಬಿ.

ಅಪ್‌ಲೋಡ್ ಹೊತ್ತಿನ ಲೆಕ್ಕ ಇನ್ನೂ ಸುಲಭ. ಬಿಟ್‌ರೇಟನ್ನು ನಿಮ್ಮ ಅಪ್‌ಲೋಡ್ ವೇಗದಿಂದ ಭಾಗಿಸಿ, ವಿಡಿಯೋ ಉದ್ದದಿಂದ ಗುಣಿಸಿ. ಡೌನ್‌ಲೋಡ್ ವೇಗ ಅಲ್ಲ, ಅಪ್‌ಲೋಡ್ ವೇಗ. ಸ್ಪೀಡ್ ಟೆಸ್ಟ್ ಮಾಡಿದರೆ ಎರಡನ್ನೂ ಬೇರೆ ಬೇರೆ ತೋರಿಸುತ್ತದೆ. ಸಿದ್ದಾಪುರದ ಒಳಗಿನ ಹಳ್ಳಿಯಲ್ಲಿ ಅಂಗಳದ ಮೂಲೆಗೆ ಬಂದು ನಿಂತು 5 ಎಂಬಿಪಿಎಸ್ ಸಿಕ್ಕಿತು ಅಂತಿಟ್ಟುಕೊಳ್ಳಿ. 12 ಎಂಬಿಪಿಎಸ್‌ನ ಆಟ ಏರಲು ಏಳು ಗಂಟೆ ದಾಟುತ್ತದೆ. ಪೇಟೆಯಲ್ಲಿ ಫೈಬರ್ ಇರುವ ನೆಂಟರ ಮನೆಗೆ ಪೆನ್‌ಡ್ರೈವ್ ಕಳಿಸುವುದೇ ವಾಸಿ. ಅಪ್‌ಲೋಡ್ ನಡುವೆ ನಿಂತರೆ ಹೆದರಬೇಡಿ. ಒಂದು ದಿನದೊಳಗೆ ಅದೇ ಫೈಲನ್ನು ಮತ್ತೆ ಆರಿಸಿದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಅಂದ ಹಾಗೆ, ಫೋನ್ ನಂಬರ್ ಕೊಟ್ಟು ವೆರಿಫೈ ಮಾಡದ ಚಾನೆಲ್‌ನಲ್ಲಿ 15 ನಿಮಿಷಕ್ಕಿಂತ ಉದ್ದದ್ದನ್ನು ಹಾಕಲು ಬಿಡುವುದಿಲ್ಲ.

ಕರೆಂಟಿನ ವಿಷಯ ಹೇಳದಿದ್ದರೆ ಆಗದು. ಎಂಪಿ4 ಫೈಲ್ ತನ್ನ ಒಳಗೆ ಏನು ಎಲ್ಲಿದೆ ಎಂಬ ಸೂಚಿಯನ್ನು ಬರೆದು ಮುಗಿಸುವುದು ಕೊನೆಯಲ್ಲಿ. ಶೇ 95 ಆಗಿದ್ದಾಗ ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆದರೆ ಆ ಫೈಲ್ ತೆರೆಯುವುದೇ ಇಲ್ಲ. ಆಷಾಢದಲ್ಲಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಮೂರು ಗಂಟೆಯದ್ದನ್ನು ಒಂದೇ ಸಲ ಎಕ್ಸ್‌ಪೋರ್ಟ್‌ಗೆ ಇಡುವುದು ಧೈರ್ಯದ ಕೆಲಸ. ಭಾಗ ಮಾಡಿ ಇಡಿ.

ರೀಲ್ಸ್ ಮತ್ತು ಶಾರ್ಟ್ಸ್‌ಗೆ 1080 ಗುಣಿಸು 1920. ಶಾಟ್‌ಕಟ್‌ನ ವಿಡಿಯೋ ಮೋಡ್‌ನಲ್ಲಿ ವರ್ಟಿಕಲ್ ಎಚ್‌ಡಿ ಎಂದೇ ಇದೆ. ಶಾರ್ಟ್ಸ್‌ನಲ್ಲಿ ಈಗ ಮೂರು ನಿಮಿಷದವರೆಗೆ ಹಾಕಬಹುದು. ಬಾಕಿ ಎಲ್ಲ ಮೇಲಿನಂತೆಯೇ.

ಇಷ್ಟೆಲ್ಲ ತುಂಬಿದ ಮೇಲೆ ಪ್ರಿಸೆಟ್ ಪಟ್ಟಿಯ ಕೆಳಗಿರುವ ಪ್ಲಸ್ ಗುರುತು ಒತ್ತಿ ಹೆಸರು ಕೊಟ್ಟು ಉಳಿಸಿ. ‘ಆಟ 12’, ‘ಸಮುದ್ರ 18’, ‘ಅಡುಗೆ 8’ ಎಂದು ಮೂರು ಇಟ್ಟುಕೊಂಡರೆ ಸಾಕು. ದೊಡ್ಡದನ್ನು ಇಡುವ ಮೊದಲು ಅತಿ ಹೆಚ್ಚು ಓಡಾಟವಿರುವ ಅರ್ಧ ನಿಮಿಷವನ್ನು ಮಾತ್ರ ಎಕ್ಸ್‌ಪೋರ್ಟ್ ಮಾಡಿ, ಪ್ರೈವೇಟ್ ಆಗಿ ಅಪ್‌ಲೋಡ್ ಮಾಡಿ ನೋಡಿ.

ಹಾಕಿದ ಕೂಡಲೇ ಮಸುಕಾಗಿ ಕಂಡರೆ ಅಳಿಸಬೇಡಿ. ಯೂಟ್ಯೂಬ್ ಮೊದಲು ಕಡಿಮೆ ಗುಣಮಟ್ಟದ್ದನ್ನು ಸಿದ್ಧಮಾಡುತ್ತದೆ, ಎಚ್‌ಡಿ ಆಮೇಲೆ ಬರುತ್ತದೆ. ಅದೂ ಬಂದ ಮೇಲೆ ಕಂಪ್ಯೂಟರಿನಲ್ಲಿ ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ತೆರೆಯಿರಿ. ಕೋಡೆಕ್ಸ್ ಎಂಬಲ್ಲಿ ಎವಿಸಿ1 ಎಂದಿದೆಯೋ, ವಿಪಿ09 ಎಂದಿದೆಯೋ ನೋಡಿ. ಯೂಟ್ಯೂಬ್ ನಿಮ್ಮ ವಿಡಿಯೋವನ್ನು ಕುಗ್ಗಿಸಲು ಬಳಸಿದ ಕೋಡೆಕ್ ಅದು. ಚಿಕ್ಕ ಚಾನೆಲ್‌ಗಳ 1080ಪಿ ವಿಡಿಯೋಗೆ ಹೆಚ್ಚಾಗಿ ಎವಿಸಿ1 ಸಿಗುತ್ತದೆ, ಅದರಲ್ಲಿ ನೀರಿನ ವಿವರ ಬೇಗ ಹೋಗುತ್ತದೆ. ವಿಪಿ09 ಅದಕ್ಕಿಂತ ಮೇಲು. ಎವಿಸಿ1 ಬಂದಿದ್ದು, ಅಲೆ ಇನ್ನೂ ಚೌಕವಾಗಿಯೇ ಕಾಣುತ್ತಿದ್ದರೆ ಅದೇ ಪ್ರಾಜೆಕ್ಟ್ ತೆರೆದು ರೆಸಲ್ಯೂಷನ್ 2560 ಗುಣಿಸು 1440, ಬಿಟ್‌ರೇಟ್ 24ಎಂ ಎಂದು ಬದಲಿಸಿ ಮತ್ತೆ ಎಕ್ಸ್‌ಪೋರ್ಟ್ ಮಾಡಿ. 1440ಪಿ ವಿಡಿಯೋಗಳಿಗೆ ಸಾಮಾನ್ಯವಾಗಿ ವಿಪಿ09 ಸಿಗುತ್ತದೆ. ಮೂಲ ವಿಡಿಯೋ 1080ಪಿಯದೇ ಆಗಿದ್ದರೂ 1440ಪಿ ಆರಿಸಿಕೊಂಡು ನೋಡುವವರಿಗೆ ವ್ಯತ್ಯಾಸ ಕಾಣುತ್ತದೆ. ನೋಡುವವರು ಕ್ವಾಲಿಟಿ ಏರಿಸಿಕೊಳ್ಳಬೇಕೆಂದು ಡಿಸ್ಕ್ರಿಪ್ಷನ್‌ನ ಮೊದಲ ಸಾಲಿನಲ್ಲೇ ಬರೆದುಬಿಡಿ, ಇಲ್ಲದಿದ್ದರೆ ಫೋನಿನಲ್ಲಿ ಆಟೋ ಇಟ್ಟುಕೊಂಡವರಿಗೆ 480ಪಿಯೇ ಗತಿ.