ನಾಪೋಕ್ಲಿನಲ್ಲಿ ಮಾಡಿದ ದೀಪಾವಳಿ

ನಾನು ಗದಗ ಜಿಲ್ಲೆ ರೋಣ ತಾಲ್ಲೂಕಿನವನು. ಕೊಡಗಿನ ನಾಪೋಕ್ಲು ಕಡೆ ಲೈನ್‌ಮ್ಯಾನ್ ಕೆಲಸ. ನಮ್ಮ ಕಡೆಯ ಹುಡುಗರು ಇಲ್ಲಿ ಈ ಕೆಲಸದಲ್ಲಿ ಸುಮಾರು ಮಂದಿ ಇದ್ದೇವೆ. ಹಬ್ಬ ಬಂತೆಂದರೆ ಎಲ್ಲರಿಗೂ ಒಟ್ಟಿಗೇ ರಜೆ ಬೇಕು. ಕರೆಂಟಿಗೆ ರಜೆ ಇಲ್ವಲ್ಲ! ಆ ವರ್ಷ ದೀಪಾವಳಿಗೆ ನನ್ನ ಪಾಲಿಗೆ ಡ್ಯೂಟಿ ಬಿತ್ತು. ಊರಿನ ಹಬ್ಬ ತಪ್ಪಿದ್ದು ಅದೇ ಮೊದಲು.

ಬೇರೆ ಕಡೆಯಾಗಿದ್ದರೆ ಬೀದಿಯಲ್ಲಾದರೂ ಹಬ್ಬ ಕಾಣುತ್ತಿತ್ತು. ಕೊಡವರಿಗೆ ದೀಪಾವಳಿ ಅಂಥ ದೊಡ್ಡ ಹಬ್ಬ ಅಲ್ಲ. ಅವರದ್ದು ಸೆಪ್ಟೆಂಬರ್ ಶುರುವಿನ ಕೈಲ್ ಮುಹೂರ್ತ, ಅಕ್ಟೋಬರ್ 17ರ ಆಸುಪಾಸಿನ ಕಾವೇರಿ ಸಂಕ್ರಮಣ, ಭತ್ತ ಕೈಗೆ ಬಂದಾಗ ಹುತ್ತರಿ. ತಲಕಾವೇರಿಯಲ್ಲಿ ತೀರ್ಥೋದ್ಭವದ ದಿನ ಭಾಗಮಂಡಲದ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆಮೇಲೆ ದೀಪಾವಳಿ ಬರುವ ಹೊತ್ತಿಗೆ ಊರು ತಣ್ಣಗಾಗಿರುತ್ತದೆ. ಪೇಟೆಯಲ್ಲಿ ಅಲ್ಲೊಂದು ಇಲ್ಲೊಂದು ಪಟಾಕಿ, ಜೊತೆಗೆ ಸಂಜೆಯ ಗುಡುಗು ಮಳೆ.

ಬೇಜಾರಾದಾಗ ಇರುವ ಒಳ್ಳೆಯದನ್ನೆಲ್ಲ ಪಟ್ಟಿ ಮಾಡಿ ಅಂತ ಮೊಬೈಲಿನಲ್ಲಿ ಯಾರೋ ಹೇಳುತ್ತಿದ್ದರು. ಮಾಡಿ ನೋಡಿದೆ. ಆರೋಗ್ಯ, ಕೆಲಸ, ತಿಂಗಳ ಸಂಬಳ. ರೇಷನ್ ಚೀಟಿ ಓದಿದ ಹಾಗಾಯಿತು. ಬದಿಗಿಟ್ಟೆ.

ಸುಮ್ನೆ ಕೂರುವ ಬದಲು ರೂಮಿನಲ್ಲೇ ಪಾಡ್ಯದ ಪೂಜೆ ಮಾಡೋಣ ಅನ್ನಿಸಿತು. ನಮ್ಮಲ್ಲಿ ಬಲಿಪಾಡ್ಯಮಿಗೆ ಸಗಣಿಯಲ್ಲಿ ಪಾಂಡವರನ್ನು ಮಾಡಿ ಬಾಗಿಲ ಬಳಿ ಇಡುತ್ತಾರೆ. ಮೇಲೆ ಉತ್ತರಾಣಿ ಕಡ್ಡಿ, ಚೆಂಡು ಹೂ. ನನಗೆ ಗೊತ್ತಿದ್ದದ್ದು ಅಷ್ಟೇ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಪಾಂಡವರು ತಯಾರಾಗಿ ಕೂತಿರುತ್ತಿದ್ದರು. ಅವ್ವನಿಗೆ ಫೋನ್ ಹಚ್ಚಿ, ಏನೇನು ಬೇಕು ಹೇಳು ಅಂದೆ.

"ಆಕಳ ಸಗಣಿನ ತಗೋ. ಉತ್ತರಾಣಿ ಹಿತ್ತಲದಾಗ ಸಿಗೂದಿಲ್ಲ, ಹಳ್ಳದ ದಂಡಿಗೆ ಹೋಗಬೇಕು. ಇಲ್ಲಿ ನಿಮ್ಮ ಕಾಕಾ ತರತಾನ. ಹಂಡೆ ತಿಕ್ಕಿ ನೀರ ತುಂಬೂದು ನಿಮ್ಮ ವೈನಿ. ಚತುರ್ದಶಿ ದಿವಸ ಮೂರು ಗಂಟೇಕ ಎದ್ದು ಒಲಿ ಹಚ್ಚತಾಳ."

ಅವ್ವ ಸಾಮಾನು ಹೇಳುತ್ತಿದ್ದಳು. ನನಗೆ ಕೇಳಿಸಿದ್ದು ಮಂದಿಯ ಹೆಸರು. ಆ ನೀರಿನಲ್ಲಿ ಎಷ್ಟು ವರ್ಷದಿಂದ ಎಣ್ಣೆ ಸ್ನಾನ ಮಾಡಿದ್ದೇನೆ! ಮೂರು ಗಂಟೆಯ ಒಲೆಯ ಸುದ್ದಿ ಗೊತ್ತಾದದ್ದು ಕೊಡಗಿಗೆ ಬಂದ ಮೇಲೆ.

ಫ್ಯೂಸ್ ಕಂಪ್ಲೇಂಟ್ ಬರೆದುಕೊಳ್ಳುವ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಒಂದು ಕಡೆ ಹಬ್ಬದ ಕೆಲಸ, ಅದರ ಎದುರು ಮಾಡುವವರ ಹೆಸರು ಬರೆದೆ. ಬಿಡುವು ಸಿಕ್ಕಾಗ ಒಬ್ಬೊಬ್ಬರಿಗೆ ಫೋನ್ ಮಾಡಿದೆ. ದೊಡ್ಡ ಮಾತು ಆಡಲಿಲ್ಲ, ಅವರ ಕೆಲಸದ ಬಗ್ಗೆ ಕೇಳಿದೆ. ಕಾಕಾ "ಏನಪಾ, ರೊಕ್ಕ ಬೇಕಾಗಿತ್ತೇನು?" ಅಂದ. ವೈನಿಗೆ "ಅಷ್ಟು ಲಗೂನ ಏಳಾಕ ಹೆಂಗ ಆಗತೈತ್ರಿ ನಿಮಗ?" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಶುರುವಾಯಿತು ನೋಡಿ: ಕಟ್ಟಿಗೆ ಹಸಿ ಇದೆ, ಹೊಗೆಗೆ ಕಣ್ಣು ಉರಿಯುತ್ತದೆ, ಮಕ್ಕಳು ಏಳುವುದಿಲ್ಲ, ನಿಮ್ಮಣ್ಣ ಅಂತೂ ಎದ್ದೇ ಏಳುವುದಿಲ್ಲ. ಬರೀ ಥ್ಯಾಂಕ್ಸ್ ಅಂದಿದ್ದರೆ "ಇರಲಿ ಬಿಡ್ರಿ" ಅಂತ ಫೋನ್ ಇಡುತ್ತಿದ್ದರು. ಯಾರಾದರೂ ನನ್ನನ್ನು ಕೇಳಿದರೆ ನಾನು ಹೇಳುವುದು ಇಷ್ಟೇ: ಅವರು ಮಾಡುವ ಕೆಲಸದ ಬಗ್ಗೆ ಕೇಳಿ, ಆಮೇಲೆ ಸುಮ್ಮನೆ ಕೇಳಿಸಿಕೊಳ್ಳಿ.

ಸಗಣಿ ಸಿಕ್ಕಿದ್ದು ಮನೆ ಓನರ್ ಆಂಟಿಯ ಕೊಟ್ಟಿಗೆಯಲ್ಲಿ. ನಾನು ಪಾಂಡವರನ್ನು ಮಾಡುವುದನ್ನು ಅವರು ಮೆಟ್ಟಿಲ ಮೇಲೆ ಕೂತು ನೋಡಿದರು. ಉತ್ತರಾಣಿ ಕಣ್ಣಿಗೆ ಬೀಳಲಿಲ್ಲ. ಅಂಗಳದ ಅರೇಬಿಕಾ ಗಿಡದಲ್ಲಿ ಒಂದಷ್ಟು ಹಣ್ಣು ಕೆಂಪಗಾಗಿದ್ದವು. ಒಬ್ಬೊಬ್ಬರ ತಲೆಗೂ ಒಂದೊಂದು ಒತ್ತಿದೆ, ಭೀಮನಿಗೆ ಎರಡು. ಆಂಟಿಗೆ ನಗು ತಡೆಯಲಾಗಲಿಲ್ಲ. "ನಿಮ್ದು ವರ್ಷಕ್ಕೊಮ್ಮೆ ದೀಪ. ನಮ್ಮ ಕುಟುಂಬದ ಮೂಲ ಮನೆ, ಐನ್‌ಮನೆಯಲ್ಲಿ ದಿನಾ ಸಂಜೆ ನಡುಮನೆ ನೆಲ್ಲಕ್ಕಿ ನಡುಬಾಡೆಯಲ್ಲಿ ಕುಟುಂಬದ ಮೂಲಪುರುಷ ಗುರುಕಾರೋಣನಿಗೆ ದೀಪ ಇಡ್ಲೇಬೇಕು," ಅಂದರು. ಯಾರು ಇಡುತ್ತಾರೆ ಅಂತ ಕೇಳಿದೆ. ಅಭ್ಯಾಸ ಆಗಿಹೋಗಿತ್ತು! ಅತ್ತೆ ಇದ್ದಾಗಿನಿಂದ ಹಿಡಿದು ಎಲ್ಲರ ಕಥೆ ಬಂತು.

ಅಕ್ಕ ವಿಡಿಯೋ ಕಾಲ್‌ನಲ್ಲೇ ಆರತಿ ಎತ್ತಿದಳು. ತಟ್ಟೆಗೆ ಹಾಕುವ ದುಡ್ಡನ್ನು ಫೋನ್‌ಪೇ ಮಾಡಿದೆ. "ಸಪ್ಪಳನ ಬರಲಿಲ್ಲಲ್ಲೋ" ಅಂದಳು. ಆಗ ಮಾತ್ರ ಗಂಟಲು ಕಟ್ಟಿತು. ಬೇಜಾರು ಪೂರ್ತಿ ಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಹೋಗಲೇಬೇಕು ಅಂತಲೂ ಇಲ್ಲ, ಅಲ್ವಾ?

ಆ ರಾತ್ರಿ ಕಕ್ಕಬ್ಬೆ ರಸ್ತೆಯಲ್ಲಿ 11 ಕೆವಿ ಲೈನ್ ಮೇಲೆ ಸಿಲ್ವರ್ ಮರದ ಕೊಂಬೆ ಬಿತ್ತು. ನಾನು, ನನ್ನ ಜೊತೆಗಾರ ಇಬ್ಬರೇ. ಲೈನ್ ಆಫ್ ಮಾಡಿಸಿ ಎಲ್‌ಸಿ (ಲೈನ್ ಕ್ಲಿಯರ್) ತಗೊಂಡು, ಅರ್ತ್ ಮಾಡಿ, ಜಿಗಣೆ ಕೀಳುತ್ತಾ ಕೊಂಬೆ ಕಡಿದೆವು. ತೋಟದ ಮನೆಯ ಅಜ್ಜ ಕೊಡೆ ಹಿಡಿದು ಬಂದು ಬೆಲ್ಲದ ಕಾಫಿ ಕೊಟ್ಟರು. ಲೈನ್ ಚಾರ್ಜ್ ಆಗುವವರೆಗೂ ಟಾರ್ಚ್ ಹಿಡಿದು ನಿಂತೇ ಇದ್ದರು. ಅವರ ಮನೆಗೆ ಎಷ್ಟು ಸಲ ಹೋಗಿದ್ದರೂ ಹೆಸರು ಕೇಳಿರಲಿಲ್ಲ, ಮೀಟರ್ ನಂಬರ್ ಮಾತ್ರ ಗೊತ್ತಿತ್ತು. ನೋಟ್‌ಬುಕ್ಕಿನಲ್ಲಿ ಅವರದ್ದೂ ಸೇರಿತು.

ಜೊತೆಗಾರ ಕೊಡವರವರು. ಹಿಂದಿನ ಹುತ್ತರಿಗೆ ಅವರಿಗೆ ಡ್ಯೂಟಿ ಬಿದ್ದಿತ್ತಂತೆ. ಗದ್ದೆಯಲ್ಲಿ ಗುಂಡು ಹಾರಿಸಿ, "ಪೊಲಿ ಪೊಲಿ ದೇವಾ" ಅಂತ ಕೂಗಿ ಕದಿರು ಕೊಯ್ಯುವಾಗ ತಾನು ಕಂಬದ ಮೇಲಿದ್ದೆ ಅಂತ ಕಾಫಿ ಕುಡಿಯುತ್ತಾ ಹೇಳಿದರು. ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಆ ವರ್ಷದ ಹುತ್ತರಿ ದಿನ ಗೊತ್ತಾದ ತಕ್ಷಣ, ಆ ರಾತ್ರಿಯ ಡ್ಯೂಟಿ ನನಗಿರಲಿ ಅಂತ ಹೇಳಿಬಿಟ್ಟೆ. ಮರುದಿನ ಅವರು ಬಾಳೆ ಎಲೆಯಲ್ಲಿ ತಂಬಿಟ್ಟು ಕಟ್ಟಿಕೊಂಡು ಬಂದರು. ಅಂದಿನಿಂದ ನಮ್ಮಿಬ್ಬರದು ಒಪ್ಪಂದ: ದೀಪಾವಳಿ ನನಗೆ, ಹುತ್ತರಿ ಅವರಿಗೆ.

ಮುಂದಿನ ದೀಪಾವಳಿಗೆ ಊರಿಗೆ ಹೋದಾಗ ಮೂರು ಗಂಟೆಗೆ ಎದ್ದು ಹಂಡೆಯ ಒಲೆ ನಾನೇ ಹಚ್ಚಿದೆ. ಮನೆ ತುಂಬಾ ಹೊಗೆ. ವೈನಿ ಕೆಮ್ಮುತ್ತಾ ಎದ್ದು ಬಂದು, "ಕರೆಂಟಿನ ಕೆಲಸ ಅಷ್ಟ ಮಾಡ್ರಿ ನೀವು" ಅಂತ ಊದುಕೊಳವಿ ಕಿತ್ತುಕೊಂಡರು.