ಬಾಹ್ಯಾಕಾಶದ ಇಲಿ, ನನ್ನ ಲ್ಯಾಬಿನ ಪೊಟ್ಯಾಶಿಯಂ

ಕಾಸರಗೋಡಿನ ಮುಳ್ಳೇರಿಯದ ಹತ್ತಿರ ಒಂದು ಸಣ್ಣ ಲ್ಯಾಬಿನಲ್ಲಿ ನನಗೆ ಕೆಲಸ. ಶುಗರ್, ಕ್ರಿಯಾಟಿನಿನ್, ಲಿವರ್ ಟೆಸ್ಟು, ದಿನಾ ಅದೇ. 2025ರ ಜೂನಿನಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಇಲ್ಲಿ ಜಡಿಮಳೆ. ರಕ್ತ ಕೊಡಲು ಬರುವವರೂ ಕಡಿಮೆ. ಅಲ್ಲಿಗೆ ಹೋದವರ ರಕ್ತದಲ್ಲಿ ಏನೇನು ಬದಲಾಗುತ್ತದೆ ಅಂತ ಸುಮ್ನೆ ಓದಲು ಶುರು ಮಾಡಿದೆ.

ನನ್ನನ್ನು ಹಿಡಿದಿಟ್ಟದ್ದು 2022ರಲ್ಲಿ ಕೆನಡಾದ ಗೈ ಟ್ರುಡೆಲ್ ತಂಡ ಪ್ರಕಟಿಸಿದ ಅಧ್ಯಯನ. ನೆಲದ ಮೇಲೆ ನಮ್ಮ ದೇಹ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣ ನಾಶ ಮಾಡಿ ಅಷ್ಟೇ ಹೊಸದು ಮಾಡುತ್ತದೆ. ಅವರು ನೋಡಿದ 14 ಗಗನಯಾತ್ರಿಗಳಲ್ಲಿ ಈ ನಾಶ ಶೇ 54ರಷ್ಟು ಜಾಸ್ತಿ, ಸೆಕೆಂಡಿಗೆ ಸುಮಾರು 30 ಲಕ್ಷ. ಅಳೆದದ್ದು ಹೇಗೆ ಗೊತ್ತಾ? ಉಸಿರಿನಿಂದ. ಕೆಂಪು ಕಣಕ್ಕೆ ಬಣ್ಣ ಕೊಡುವುದು ಹೀಮ್, ಅದರ ಒಂದು ಅಣು ಒಡೆದರೆ ಕಾರ್ಬನ್ ಮಾನಾಕ್ಸೈಡ್‌ನ ಒಂದು ಅಣು ಹೊರಗೆ ಬರುತ್ತದೆ. ಅದೇ ಹೀಮ್ ಕೊನೆಗೆ ಬಿಲಿರುಬಿನ್, ಅಂದರೆ ಕಾಮಾಲೆಯಲ್ಲಿ ಏರುವ ಹಳದಿ ವಸ್ತು, ಆಗುತ್ತದೆ, ಅದನ್ನು ನಾನು ದಿನಾ ನೋಡುವವಳು. ಹಾಗಾದರೆ ಇದು ನನಗೂ ಎಟಕುವ ವಿಷಯವೇ ಅಂತ ಧೈರ್ಯ ಬಂತು.

ನಾಸಾದ ಜೀನ್‌ಲ್ಯಾಬ್ ಅನ್ನುವ ಆನ್‌ಲೈನ್ ಭಂಡಾರದಲ್ಲಿ ಬಾಹ್ಯಾಕಾಶದ ಇಂಥ ಪ್ರಯೋಗಗಳ ಅಂಕಿಅಂಶ ಪುಕ್ಕಟೆ ಸಿಗುತ್ತದೆ. ನಾನು ಆರಿಸಿದ್ದು 2014ರಲ್ಲಿ ನಿಲ್ದಾಣಕ್ಕೆ ಹೋದ ಇಲಿಗಳ ಲಿವರ್. ಜೀನು ಕೆಲಸ ಮಾಡುವಾಗ ಅದರ ನಕಲಾಗಿ ಆರ್‌ಎನ್‌ಎ ಹುಟ್ಟುತ್ತದೆ; ಯಾವ ಜೀನಿನ ಆರ್‌ಎನ್‌ಎ ಜಾಸ್ತಿಯಾಗಿದೆ, ಯಾವುದು ಕಡಿಮೆಯಾಗಿದೆ ಅಂತ ನೋಡಿದರೆ ಬಾಹ್ಯಾಕಾಶದ ಗುರುತು ಸಿಗಬೇಕು. ಮೊದಲ ರಾತ್ರಿ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಕಚ್ಚಾ ಫೈಲುಗಳನ್ನೇ ಇಳಿಸಲು ಹೊರಟೆ. ಶುದ್ಧ ಮೂರ್ಖತನ. ಡೇಟಾ ಖಾಲಿ, ಹಿಂದೆಯೇ ಕರೆಂಟೂ ಹೋಯಿತು. ಯಾವ ಜೀನಿನ ಆರ್‌ಎನ್‌ಎ ಎಷ್ಟು ಅಂತ ಅವರೇ ಎಣಿಸಿಟ್ಟ ಟೇಬಲ್ ಅಲ್ಲೇ ಇತ್ತು. ಎಂಟು ಜಿಬಿಯ ಲ್ಯಾಪ್‌ಟಾಪಿಗೆ ಅದೇ ಸಾಕು. ಇಂಥ ಲೆಕ್ಕಕ್ಕೆ ಬಳಸುವ ಆರ್ ಅನ್ನುವ ಕಂಪ್ಯೂಟರ್ ಭಾಷೆ ಕಲಿತದ್ದು ಯೂಟ್ಯೂಬ್ ನೋಡಿ. ಆ ಕಥೆ ಬೇಡ, ಬೈಗುಳವೇ ಜಾಸ್ತಿ ಇದೆ.

ಎಲ್ಲ ಇಲಿಗಳನ್ನೂ ಒಂದೇ ಚಿತ್ರದಲ್ಲಿ ಚುಕ್ಕಿಗಳಾಗಿ ಇಡುವ ಒಂದು ವಿಧಾನ ಇದೆ, ಪಿಸಿಎ ಅನ್ನುತ್ತಾರೆ. ಒಂದೇ ಥರದವು ಹತ್ತಿರ ಹತ್ತಿರ ಬೀಳುತ್ತವೆ. ನನ್ನ ಚಿತ್ರದಲ್ಲಿ ಎರಡು ಗುಂಪು, ನಡುವೆ ಗದ್ದೆಯಷ್ಟು ಜಾಗ. ಖುಷಿಯಲ್ಲಿ ಕುರ್ಚಿ ಬಿಟ್ಟು ಎದ್ದೆ. ಒಂದು ಮೇಲೆ ಹೋದ ಇಲಿಗಳ ಗುಂಪು, ಇನ್ನೊಂದು ನೆಲದಲ್ಲೇ ಇದ್ದವುಗಳದು, ಅಲ್ವಾ? ಹೋದವಕ್ಕೆ ಕೆಂಪು, ಇದ್ದವಕ್ಕೆ ನೀಲಿ ಬಣ್ಣ ಕೊಟ್ಟೆ. ಎರಡೂ ಗುಂಪಿನಲ್ಲಿ ಕೆಂಪು ನೀಲಿ ಕಲಸಿಕೊಂಡಿತ್ತು.

ಆಗ ನೆನಪಾದದ್ದು ಒಂದು ಪೊಟ್ಯಾಶಿಯಂ. ವರ್ಷಗಳ ಹಿಂದೆ ದೂರದ ಕಲೆಕ್ಷನ್ ಸೆಂಟರಿನಿಂದ ಬಸ್ಸಿನಲ್ಲಿ ಒಬ್ಬ ಅಜ್ಜನ ರಕ್ತ ಬಂದಿತ್ತು. ರಿಸಲ್ಟು 6.8. ಹೃದಯ ನಿಲ್ಲಬಹುದಾದಷ್ಟು. ಟ್ಯೂಬ್ ಎತ್ತಿ ಬೆಳಕಿಗೆ ಹಿಡಿದರೆ ತಿಳಿಹಳದಿ ಇರಬೇಕಾದ ಸೀರಂ, ಅಂದರೆ ರಕ್ತದ ಮೇಲಿನ ತಿಳಿ, ಕೆಂಪು ಕೆಂಪು. ದಾರಿಯಲ್ಲಿ ಕುಲುಕಿ ಕಣ ಒಡೆದು, ಒಳಗಿನ ಪೊಟ್ಯಾಶಿಯಂ ಹೊರಗೆ ಬಂದಿತ್ತು. ಅಜ್ಜನನ್ನು ಕರೆಸಿ ಮತ್ತೆ ರಕ್ತ ತೆಗೆದರೆ 4.2. ಕಾಯಿಲೆ ಅಜ್ಜನದಲ್ಲ, ಬಸ್ಸಿನದು.

ಇಲಿಗಳ ವಿವರದ ಹಾಳೆಯನ್ನು ಮತ್ತೆ ಓದಿದೆ. ಕೆಲವು ಇಲಿಗಳ ಲಿವರನ್ನು ಕೂಡಲೇ ತೆಗೆದು ಕಾಪಿಟ್ಟಿದ್ದರು. ಉಳಿದವನ್ನು ಇಡಿಯಾಗಿ ಫ್ರೀಜ್ ಮಾಡಿ, ಲಿವರ್ ತೆಗೆದದ್ದು ಆಮೇಲೆ. ಆ ಪ್ರಕಾರ ಬಣ್ಣ ಕೊಟ್ಟೆ. ಎರಡೂ ಗುಂಪು ಚೊಕ್ಕವಾಗಿ ಬೇರೆಯಾದವು.

ಜಗಲಿಯಲ್ಲಿ ಅಪ್ಪ ಅಡಿಕೆ ಸುಲಿಯುತ್ತಿದ್ದರು. "ಎಂತ ಮಗಾ, ಮುಖ ಸಣ್ಣ ಮಾಡಿದ್ದು?" ಅಂತ ಕೇಳಿದರು. ವಿಷಯ ಹೇಳಿದೆ. ಎರಡು ಅಡಿಕೆ ಒಡೆದು ಕೈಯಲ್ಲಿಟ್ಟರು. ಒಂದು ಒಳಗೆ ಬೆಳ್ಳಗೆ, ಇನ್ನೊಂದು ಕಪ್ಪಿಟ್ಟದ್ದು. "ಎರಡೂ ಕೆಳಗಿನ ತೋಟದ್ದೇ. ಇದು ಬಿಸಿಲು ಕಂಡದ್ದು, ಅದು ಮಳೆ ಬಂತೂಂತ ರಾಶಿ ಮುಚ್ಚಿಟ್ಟದ್ದು."

ಆಮೇಲೆ ಹುಡುಕಿದರೆ ಇದನ್ನು 2020ರಲ್ಲೇ ಜೀನ್‌ಲ್ಯಾಬ್ ತಂಡ ಬರೆದಿಟ್ಟಿತ್ತು. ಕಾಪಿಟ್ಟ ರೀತಿಯಿಂದ ಆಗುವ ವ್ಯತ್ಯಾಸವು ಬಾಹ್ಯಾಕಾಶದಿಂದ ಆಗುವುದನ್ನೇ ಮುಚ್ಚಿಹಾಕುತ್ತದೆ ಅಂತ. ಅವರು ಬೆರಳು ತೋರಿಸಿದ್ದು ಆರ್‌ಎನ್‌ಎಯನ್ನು ಅದರ ತುದಿಯಲ್ಲಿರುವ ಪಾಲಿ-ಎ ಅನ್ನುವ ಬಾಲ ಹಿಡಿದು ಎತ್ತುವ ವಿಧಾನದ ಕಡೆಗೆ. ನನಗೆ ಅರ್ಥವಾದದ್ದು ಇಷ್ಟು: ಆರ್‌ಎನ್‌ಎ ನಡುವೆ ತುಂಡಾಗಿದ್ದರೆ ಬಾಲದ ತುಂಡು ಮಾತ್ರ ಕೈಗೆ ಬರುತ್ತದೆ. ಮುಂಡ ಲೆಕ್ಕಕ್ಕೇ ಬರುವುದಿಲ್ಲ. ಬಾಲ ಹಿಡಿಯದೆ, ಬೇಡದ ರೈಬೋಸೋಮಿನ (ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ಯಂತ್ರದ) ಆರ್‌ಎನ್‌ಎ ಮಾತ್ರ ತೆಗೆದುಹಾಕುವ ವಿಧಾನದಲ್ಲಿ ಈ ತೊಂದರೆ ಕಡಿಮೆ. ಓದಿ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು ಅನ್ನಿ.

ಮತ್ತೆ ಮೊದಲಿಂದ ಕೂತೆ. ಮೇಲೆ ಹೋದವುಗಳಲ್ಲಿ ಇಡಿಯಾಗಿ ಫ್ರೀಜ್ ಮಾಡಿದ ಇಲಿಗಳನ್ನು ನೆಲದ ಅಂಥವುಗಳ ಜೊತೆಗೇ ಹೋಲಿಸಿದೆ. ಬೆರಳೆಣಿಕೆಯ ಇಲಿಗಳು, ಬದಲಾದ ಜೀನುಗಳ ಪಟ್ಟಿಯೂ ಚಿಕ್ಕದು. ಅದರಲ್ಲಿ ಕೊಬ್ಬನ್ನು ನಿಭಾಯಿಸುವ ಜೀನುಗಳು ಕಾಣಿಸಿಕೊಂಡವು. ಹಲವು ಯಾನಗಳ ಇಲಿ ಲಿವರ್ ಒಟ್ಟಿಗೆ ನೋಡಿದ 2019ರ ಅಧ್ಯಯನವೂ ಕೊಬ್ಬಿನ ಏರುಪೇರನ್ನೇ ಹೇಳಿದೆ. ಅದರ ಬಲದಿಂದ ನನ್ನ ಪಟ್ಟಿಯನ್ನು ಅಷ್ಟಿಷ್ಟು ನಂಬುತ್ತೇನೆ, ಅದಿಲ್ಲದಿದ್ದರೆ ನಂಬುತ್ತಿರಲಿಲ್ಲ.

ಈಗ ಅದೇ ಯಾನದ ಕಿಡ್ನಿ ಫೈಲು ಇಳಿಸಿದ್ದೇನೆ. ಟೇಬಲ್ ಇನ್ನೂ ತೆರೆದಿಲ್ಲ, ವಿವರದ ಹಾಳೆ ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದು ಕೂತಿದ್ದೇನೆ. "ಇವತ್ತು ಯಾವ ಬಸ್ಸು?" ಅಂತ ಅಪ್ಪ ಜಗಲಿಯಿಂದಲೇ ಕೇಳುತ್ತಾರೆ.