ಹೊಟ್ಟಿನ ಬೂದಿಯ ಬಿಳಿ, ಚೌಕದ ಹೂದಾನಿ: ನನ್ನ ಅನುಭವ

ಜಪಾನಿನ ಕುಂಬಾರರ ಊರಾದ ಮಾಶಿಕೊದ ಹಳಬರು ನಕ್ಕಿದ್ದರು. ಕಾಕಿ ಎಂಬ ಕಂದು ಗ್ಲೇಜಿನ (ಬೆಂಕಿಯಲ್ಲಿ ಕರಗಿ ಗಾಜಿನ ಹಾಗಾಗುವ ಲೇಪ) ಮೇಲೆ ನುಕಾ, ಅಂದರೆ ಭತ್ತದ ಹೊಟ್ಟಿನ ಬೂದಿಯ ಬಿಳಿ ಗ್ಲೇಜ್, ದಪ್ಪಗೆ ಸುರಿದರೆ ಚೌಕದ ಹೂದಾನಿಯ ಮೂಲೆಯಲ್ಲಿ ನಿಲ್ಲೋದೇ ಇಲ್ಲ ಅಂತ. ಈ ಸಲ ನಿಂತಿತು. ಸುಡುವ ಗೂಡಿನಲ್ಲಿ ಇಟ್ಟದ್ದರಲ್ಲಿ ಮುಕ್ಕಾಲು ಭಾಗ ಚೆನ್ನಾಗಿಯೇ ಬಂದವು.

1924ರಲ್ಲಿ ಹೆಸರಾಂತ ಕುಂಬಾರ ಹಮಾದಾ ಶೋಜಿ ಬಂದು ನೆಲೆಸುವ ಮುಂಚೆ ಈ ಊರಲ್ಲಿ ಜಾಸ್ತಿ ಮಾಡುತ್ತಿದ್ದದ್ದು ಅಡುಗೆಮನೆಯ ಜಾಡಿ, ನೀರಿನ ಮಡಕೆ. ಅಚ್ಚಿನಲ್ಲಿ ಒತ್ತಿ ಮಾಡುವ ಚೌಕದ ಬಾಟಲಿಗೆ ಹೆಸರು ತಂದವರು ಅವರು. ನನಗೂ ಅದೇ ಹುಚ್ಚು.

ಮೊದಮೊದಲು ಸುಟ್ಟದ್ದೆಲ್ಲ ದಂಡ. ಗ್ಲೇಜ್ ಮೂಲೆಯಿಂದ ಹಿಂದೆ ಸರಿದು ಹಾಲಿನ ಕೆನೆಯ ಹಾಗೆ ಮುದುಡುತ್ತಿತ್ತು, ಕೆಳಗಿನ ಕಂದು ಬಣ್ಣ ಇಣುಕುತ್ತಿತ್ತು. ಗ್ಯಾಸ್ ಗೂಡಿನ ಬಾಡಿಗೆ ಒಂದು ಸಲಕ್ಕೆ 35,000 ಯೆನ್ ಹತ್ತಿರ. ಒಟ್ಟು ಮೂರು ಲಕ್ಷ ಕರಗಿರಬೇಕು. ಮನೆಯಲ್ಲಿ ಲೆಕ್ಕ ಹೇಳಿಲ್ಲ.

ಎಲ್ಲರೂ ಹೊಟ್ಟಿನ ಬೂದಿಯನ್ನು ಬಾಲ್ ಮಿಲ್‌ನಲ್ಲಿ (ಒಳಗೆ ಗುಂಡುಗಳಿರುವ, ತಿರುಗುವ ಅರೆಯುವ ಡಬ್ಬಿ) ಇಡೀ ದಿನ ಅರೆಯುತ್ತಾರೆ. ನುಣುಪಾದಷ್ಟೂ ಒಣಗುವಾಗ ಕುಗ್ಗುವುದು ಜಾಸ್ತಿ. ಸುಡುವ ಮುಂಚೆಯೇ ಕೂದಲೆಳೆ ಬಿರುಕು ಬಿಡುತ್ತದೆ, ಬೆಂಕಿಯಲ್ಲಿ ಅಲ್ಲಿಂದಲೇ ಸರಿಯುತ್ತದೆ. ನಾನು ಮೂರು ಗಂಟೆಗೇ ನಿಲ್ಲಿಸಿದೆ, 60 ಮೆಶ್‌ನ, ಅಂದರೆ ದೊಡ್ಡ ಕಣ್ಣಿನ, ಜರಡಿ ಹಿಡಿದೆ. ‘ತರಿತರಿಯಾಗಿ ಕರಗದೆ ಉಳಿಯುತ್ತೆ’ ಅಂದರು ಹಳಬರು. 1,270 ಡಿಗ್ರಿ ಆಸುಪಾಸಿನಲ್ಲಿ ಸ್ವಲ್ಪ ಹೊತ್ತು ಹಿಡಿದೆ, ಚೆನ್ನಾಗಿಯೇ ಕರಗಿತು.

ಅಳತೆ ಹಳೆಯದೇ: ಹೊಟ್ಟಿನ ಬೂದಿ ನಾಲ್ಕು ಪಾಲು, ತೊಳೆದ ಕಟ್ಟಿಗೆ ಬೂದಿ ಮೂರು, ಫೆಲ್ಡ್‌ಸ್ಪಾರ್ ಎಂಬ ಕಲ್ಲಿನ ಪುಡಿ ಮೂರು. ಹೊಟ್ಟನ್ನು ಮಾತ್ರ ಅವಸರ ಮಾಡದೆ ಸುಡಿ, ಕಪ್ಪು ಉಳಿಯಬಾರದು. ಹೂದಾನಿಯ ಮಣ್ಣು ಹಸಿ ಇರುವಾಗಲೇ ಮೂಲೆಗಳನ್ನು ಒದ್ದೆ ಸ್ಪಂಜಿನಿಂದ ಚೂರು ಮೊಂಡು ಮಾಡಿ. ಕಾಕಿಯ ಒದ್ದೆ ಹೊಳಪು ಹೋದ ಕೂಡಲೇ ನುಕಾ ಸುರಿಯಬೇಕು, ಪೂರ್ತಿ ಒಣಗಲು ಬಿಟ್ಟರೆ ಕೆಟ್ಟಿತು. ಸೌಟು ಅರ್ಧಕ್ಕೆ ನಿಲ್ಲಿಸಬೇಡಿ, ಒಂದೇ ಬೀಸಿಗೆ ಭುಜದಿಂದ ಬುಡಕ್ಕೆ. ಗ್ಲೇಜಿನ ನೀರಿಗೆ ಒಂದು ಚಮಚ ಇನ್ನೇನೋ ಹಾಕುತ್ತೇನೆ. ಅದನ್ನು ಮಾತ್ರ ಕೇಳಬೇಡಿ.

ನಡುವೆ ಸುಮ್ನೆ ಹೊಟ್ಟಿನ ಬದಲು ಭತ್ತದ ಹುಲ್ಲಿನ ಬೂದಿ ಹಾಕಿ ನೋಡಿದೆ. ಜಪಾನಿನದೇ ಇನ್ನೊಂದು ಕುಂಬಾರಿಕೆಯ ಊರು ಕರಾತ್ಸು ಕಡೆಯವರು ಹಾಗೆ ಮಾಡುತ್ತಾರಲ್ವಾ? ದಪ್ಪ ನಿಂತ ಕಡೆ ನೀಲಿ ಛಾಯೆ, ಬಲು ಚಂದ. ಆದರೆ ಒಂದು ಬಕೆಟ್ ಗ್ಲೇಜಿಗೆ ಎಷ್ಟು ಹುಲ್ಲು ಸುಡಬೇಕು ಅಂದರೆ, ಅಕ್ಕಪಕ್ಕದವರು ಹೊಗೆ ನೋಡಿ ಬಂದು ಬಾಗಿಲು ತಟ್ಟಿದರು.

ಮೇ ತಿಂಗಳ ಮಾರುಕಟ್ಟೆಯಲ್ಲಿ ಒಂದೊಂದು ಹೂದಾನಿ 18,000 ಯೆನ್‌ಗೆ ಹೋಯಿತು. ಚೌಕಾಸಿ ಮಾಡಿದವರಿಗೆ ಕೊಡಲಿಲ್ಲ. ನಕ್ಕವರಲ್ಲೇ ಒಬ್ಬರು ಒಂದನ್ನು ತಲೆಕೆಳಗು ಮಾಡಿ, ಬುಡ ಉಜ್ಜಿ ನೋಡಿ, ಎಷ್ಟು ಹೊತ್ತು ಅರೆದದ್ದು ಅಂತ ಕೇಳಿದರು. ಒಂದು ಅಡಿಗಿಂತ ಎತ್ತರದವು ಸುಡುವಾಗ ಇನ್ನೂ ಹೊಟ್ಟೆ ಒಳಗೆಳೆದುಕೊಳ್ಳುತ್ತವೆ, ಗೋಡೆ ಒಳಕ್ಕೆ ಬಾಗುತ್ತದೆ. ಮುಂದಿನ ಗೂಡಿಗೆ ಅಚ್ಚಿನ ಗೋಡೆಯನ್ನೇ ಸ್ವಲ್ಪ ಹೊರಗೆ ಉಬ್ಬಿಸುತ್ತಿದ್ದೇನೆ.